ಸ್ಟ್ರಾಟ್ ಗಿಟಾರಿಗೆ ಹೊಸ ಟ್ರೆಮೊಲೊ ಬ್ರಿಜ್ ಕೂರಿಸಿದ್ದು ಹೀಗೆ

ಟ್ರೆಮೊಲೊ ಕಡ್ಡಿ ಅಂದರೆ ಗಿಟಾರಿನ ಬ್ರಿಜ್‌ಗೆ (ತಂತಿಗಳ ಕೆಳತುದಿ ಕೂರುವ ಲೋಹದ ತಟ್ಟೆಗೆ) ಸಿಕ್ಕಿಸಿದ, ಸ್ವರ ಏರಿಳಿಸುವ ಕಡ್ಡಿ. ಅದನ್ನು ಒತ್ತಿ ಬಿಟ್ಟ ಮೇಲೆ ಗಿಟಾರ್ ಮತ್ತೆ ಅದೇ ಶ್ರುತಿಗೆ ಬರಬೇಕು. ಬರದಿದ್ದರೆ ಆ ಕಡ್ಡಿ ಇದ್ದೂ ಇಲ್ಲದ ಹಾಗೆ. ನನ್ನ ಸ್ಟ್ರಾಟ್ (ಸ್ಟ್ರಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್) ಮಾದರಿಯ ಅಗ್ಗದ ಗಿಟಾರಿನದು ಇದೇ ಕಥೆ. ಸ್ವರ ಸ್ವಲ್ಪ ಇಳಿಸಿ ಎತ್ತಿದರೆ ಸಾಕು, ಜಿ ತಂತಿ ಒಂದು ಕಡೆ, ಬಿ ತಂತಿ ಇನ್ನೊಂದು ಕಡೆ. ಬಿಚ್ಚಿ ನೋಡಿದರೆ, ಸ್ಕ್ರೂಗಳಿಗೆ ಒರಗಿ ಆಡಬೇಕಾದ ಬ್ರಿಜ್ ತಟ್ಟೆಯ ಅಂಚು ಸವೆದು ಮೊಂಡಾಗಿತ್ತು. ಇನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಇರಲಿಲ್ಲ. ತಟ್ಟೆಯ ಕೆಳಗೆ ಸ್ಟೀಲ್ ಬ್ಲಾಕ್ (ಗಿಟಾರಿನೊಳಗೆ ಇಳಿಯುವ ಲೋಹದ ಗಟ್ಟಿ) ಇರುವ, ಆರು ಸ್ಕ್ರೂಗಳ ಹೊಸ ಬ್ರಿಜ್ ಹಾಕೋಣ ಅಂತ ನಿರ್ಧರಿಸಿದೆ.

ಲಿಯೋ ಫೆಂಡರ್ ಅವರ ಕಂಪನಿ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಜೊತೆ ತಂದ ಏರ್ಪಾಡು ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮೇಲೆ ತಂತಿಗಳು ಎಳೆಯುತ್ತವೆ, ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗುಗಳು ಅದಕ್ಕೆ ಎದುರಾಗಿ ಎಳೆಯುತ್ತವೆ. 9-42 ಸೆಟ್ ತಂತಿಗಳನ್ನು (ತೀರಾ ತೆಳುವಾದದ್ದು 0.009 ಇಂಚು, ತೀರಾ ದಪ್ಪದ್ದು 0.042 ಇಂಚು) ಮಾಮೂಲಿ ಶ್ರುತಿಗೆ ಏರಿಸಿದರೆ ಒಟ್ಟು ಎಳೆತ ಸುಮಾರು 38 ಕಿಲೋ. ಈ ಎರಡು ಬಲಗಳ ನಡುವೆ ಬ್ರಿಜ್ ತಕ್ಕಡಿಯ ಹಾಗೆ ನಿಲ್ಲಬೇಕು. ತಕ್ಕಡಿಯ ಮುಳ್ಳು ಎಲ್ಲಾದರೂ ಉಜ್ಜಿದರೆ ತೂಕ ತಪ್ಪುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ದುಬಾರಿ ಬ್ರಿಜ್ ತಂದರೂ ಉಜ್ಜಾಟ ಉಳಿದರೆ ಶ್ರುತಿ ನಿಲ್ಲುವುದಿಲ್ಲ.

ವಿಲ್ಕಿನ್ಸನ್, ಗೋಟೋ ಅಂತ ಬ್ರಿಜ್ ಬ್ರ್ಯಾಂಡುಗಳ ಹೆಸರು ನೋಡುವ ಮೊದಲು ಅಳತೆ ತೆಗೆದುಕೊಳ್ಳಿ. ಮೊದಲನೇ ಸ್ಕ್ರೂ ನಡುವಿನಿಂದ ಆರನೇ ಸ್ಕ್ರೂ ನಡುವಿನವರೆಗೆ ವರ್ನಿಯರ್ ಕ್ಯಾಲಿಪರ್ ಹಿಡಿದೆ. 52.5 ಮಿ.ಮೀ. ಬಂತು. ಹಳೆಯ ಅಮೆರಿಕನ್ ಸ್ಟ್ರಾಟ್ ಅಳತೆ ಸುಮಾರು 56 ಮಿ.ಮೀ. ಈ ವ್ಯತ್ಯಾಸ ಗಮನಿಸದೆ ಕೊಂಡರೆ ಹಳೆಯ ತೂತುಗಳು ಒಂದೂ ಸರಿಯಾಗಿ ಕೂರುವುದಿಲ್ಲ. ಆಮೇಲೆ ಗಿಟಾರ್ ಬಾಡಿಯ ದಪ್ಪ. ಪೂರ್ತಿ ಅಳತೆಯ ಸ್ಟ್ರಾಟ್ ಸುಮಾರು 44 ಮಿ.ಮೀ. ದಪ್ಪ ಇರುತ್ತದೆ, ನನ್ನದು 40. ಅದಕ್ಕೇ ಉದ್ದದ ಬ್ಲಾಕ್ ಬಿಟ್ಟು 36 ಮಿ.ಮೀ. ಬ್ಲಾಕ್ ಆರಿಸಿದೆ. ಉದ್ದದ್ದು ಹಾಕಿದ್ದರೆ ಬೆನ್ನಿನಿಂದ ಹೊರಗೆ ಇಣುಕುತ್ತಿತ್ತು. ಸ್ಟೀಲ್ ಬ್ಲಾಕ್ ಸಾಮಾನ್ಯವಾಗಿ ಹಳೆಯದಕ್ಕಿಂತ ಅಗಲ. ಹಾಗಾಗಿ ಸ್ಕ್ರೂ ಹಾಕುವ ಮೊದಲೇ ಬ್ಲಾಕನ್ನು ಸುಮ್ನೆ ಗುಂಡಿಯೊಳಗೆ ಇಳಿಸಿ, ಹಿಂದೆ ಮುಂದೆ ವಾಲಿಸಿ, ಮರಕ್ಕೆ ತಾಗುತ್ತದೆಯೇ ನೋಡಿಕೊಂಡೆ.

ಬಿಚ್ಚುವುದು ಸುಲಭ. ತಂತಿಗಳನ್ನೆಲ್ಲ ಸಡಿಲಿಸಿ ತೆಗೆದ ಮೇಲೆ ಹಿಂದಿನ ಸ್ಪ್ರಿಂಗುಗಳನ್ನು ಕಟಿಂಗ್ ಪ್ಲೇಯರಿನಿಂದ ಎಳೆದು ಕಳಚಬೇಕು. ಕೈ ಜಾರಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಸ್ಪ್ರಿಂಗ್ ಸಿಕ್ಕಿಸುವ ಕೊಕ್ಕೆಗೆ ಬೆಸೆದ ಅರ್ತ್ ವೈರನ್ನು ಮುಟ್ಟಲಿಲ್ಲ. ಅದು ಕಿತ್ತು ಬಂದರೆ ತಂತಿ ಮುಟ್ಟಿದಾಗ ಆಂಪ್ಲಿಫೈಯರಿನ ಗುಂಯ್ ಸದ್ದು ನಿಲ್ಲುವುದಿಲ್ಲ.

ಸ್ಕ್ರೂ ತೂತುಗಳಲ್ಲಿ ಎರಡು ಸಡಿಲಾಗಿದ್ದವು. ಗಟ್ಟಿ ಮರದ ಸಣ್ಣ ಕಡ್ಡಿಗಳಿಗೆ ಫೆವಿಕಾಲ್ ಸವರಿ ತುಂಬಿಸಿ, ಪೂರ್ತಿ ಒಣಗಿದ ಮೇಲೆ ಮೇಲ್ಮೈಗೆ ಸಮ ಮಾಡಿ ಕತ್ತರಿಸಿ, ಹೊಸ ತೂತು ಕೊರೆದೆ. ಸ್ಕ್ರೂ ಎಳೆಗಳಿಗೆ ಮೇಣದಬತ್ತಿ ಉಜ್ಜಿಕೊಂಡರೆ ಮರ ಸೀಳುವ ಭಯ ಕಡಿಮೆ.

ಇಡೀ ಕೆಲಸದ ಜೀವ ಇರುವುದು ಮುಂದಿನ ಹೆಜ್ಜೆಯಲ್ಲಿ. ಆರೂ ಸ್ಕ್ರೂಗಳನ್ನು ಬಿಗಿಯಾಗಿ ಕೂರಿಸಿದರೆ ಬ್ರಿಜ್ ಆಡುವುದೇ ಇಲ್ಲ, ತಲೆಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ತಂತಿ, ಸ್ಪ್ರಿಂಗ್ ಏನೂ ಇಲ್ಲದಾಗ ತುದಿಯ ಒಂದು ಸ್ಕ್ರೂವನ್ನು ನಿಧಾನಕ್ಕೆ ಇಳಿಸುತ್ತಾ ಬಂದೆ. ಒಂದು ಹಂತದಲ್ಲಿ ತಟ್ಟೆಯ ಹಿಂಬದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಅಲ್ಲಿಂದ ಹಿಂದಕ್ಕೆ ತಿರುಗಿಸಿ, ತಟ್ಟೆ ಮತ್ತೆ ಸಮನಾಗಿ ಕೂತ ಕ್ಷಣ ನಿಲ್ಲಿಸಿದೆ. ಇನ್ನೊಂದು ತುದಿಗೂ ಹಾಗೇ. ನಡುವಿನ ನಾಲ್ಕನ್ನು ಅದಕ್ಕಿಂತ ಅರ್ಧ ಸುತ್ತು ಮೇಲೆ ಬಿಟ್ಟೆ. ಭಾರವನ್ನು ಹೊರುವುದು ತುದಿಯ ಎರಡು, ನಡುವಿನವು ಬರೀ ಕಾವಲಿಗೆ.

ಆಮೇಲೆ ಮೂರು ಸ್ಪ್ರಿಂಗ್ ಹಾಕಿ ಕೊಕ್ಕೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಬಿಗಿ ಮಾಡಿದೆ. ತಟ್ಟೆಯ ಹಿಂಬದಿ ಅಂಚಿನ ಕೆಳಗೆ ನಾಲ್ಕು ಹಳೆಯ ಎಟಿಎಂ ಕಾರ್ಡ್ ತುರುಕಿದೆ. ಒಂದೊಂದು ಕಾರ್ಡ್ 0.76 ಮಿ.ಮೀ., ನಾಲ್ಕು ಸೇರಿದರೆ ಬ್ರಿಜ್ ಎರಡೂ ಕಡೆ ಆಡಲು ನಮಗೆ ಬೇಕಾದ 3 ಮಿ.ಮೀ. ಸಂದು. ಕಾರ್ಡುಗಳು ಅಲ್ಲೇ ಇರುವಾಗ ತಂತಿಗಳನ್ನು ಸರಿಯಾಗಿ ಶ್ರುತಿ ಮಾಡಿ, ಕೊಕ್ಕೆಯ ಎರಡು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋಗಬೇಕು. ಕಾರ್ಡುಗಳು ತಾವಾಗಿ ಜಾರಿ ಬರುವ ಹೊತ್ತಿಗೆ ಎರಡೂ ಬಲ ಸಮ. ಶ್ರುತಿಯೂ ಹಾಗೇ ಇರುತ್ತದೆ. ಒಂದು ತಂತಿ ಏರಿಸಿದರೆ ಉಳಿದ ಐದು ಇಳಿಯುವ ಗೋಳಾಟ ಇದರಿಂದ ತಪ್ಪುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಹೀಗೆ ತೇಲುವ ಬ್ರಿಜ್ ಎಲ್ಲರಿಗೂ ಒಗ್ಗುವುದಿಲ್ಲ. ಒಂದು ತಂತಿಯನ್ನು ಬೆರಳಿನಿಂದ ಎಳೆದರೆ ಬ್ರಿಜ್ ಮುಂದಕ್ಕೆ ವಾಲಿ ಉಳಿದವು ಇಳಿಯುತ್ತವೆ. ಖಾಲಿ ತಂತಿಯನ್ನು ತಂಬೂರಿಯ ಹಾಗೆ ಮೀಟುತ್ತಾ ಮೇಲಿನ ತಂತಿಯಲ್ಲಿ ಗಮಕ ನುಡಿಸುವವರಿಗೆ ಇದು ದೊಡ್ಡ ತೊಂದರೆ, ಷಡ್ಜವೇ ಅಲುಗಾಡಿದಂತೆ ಕೇಳುತ್ತದೆ. ಅಂಥವರು ಕೊಕ್ಕೆ ಬಿಗಿ ಮಾಡಿ ತಟ್ಟೆಯನ್ನು ಮರಕ್ಕೆ ಒರಗಿಸಿಬಿಡುವುದೇ ಒಳ್ಳೆಯದು. ಕಡ್ಡಿಯಿಂದ ಸ್ವರ ಇಳಿಸಲು ಆಗುತ್ತದೆ, ಏರಿಸಲು ಮಾತ್ರ ಆಗುವುದಿಲ್ಲ. ಕಡ್ಡಿಯನ್ನು ಎರಡೂ ಕಡೆ ಆಡಿಸಿ ಆಂದೋಲನ ತರುವುದು ನನಗಿಷ್ಟ, ಅದಕ್ಕೆ ತೇಲುವಂತೆಯೇ ಬಿಟ್ಟುಕೊಂಡೆ.

ನಟ್‌ನ (ಗಿಟಾರಿನ ತಲೆಯ ಹತ್ತಿರ ತಂತಿಗಳು ಹಾಯುವ ಪಟ್ಟಿಯ) ಗೀರುಗಳಿಗೆ ಪೆನ್ಸಿಲ್ ಸೀಸ ಉಜ್ಜಿದೆ. ತಂತಿ ಅಲ್ಲಿ ಸಿಕ್ಕಿಕೊಂಡರೂ ಶ್ರುತಿ ವಾಪಸ್ ಬರುವುದಿಲ್ಲ, ಎಷ್ಟೋ ಸಲ ಬ್ರಿಜ್ ಮೇಲೆ ಬರುವ ದೂರು ಇದರದ್ದೇ. ಕೊನೆಗೆ ಸ್ಯಾಡಲ್‌ಗಳು, ಅಂದರೆ ಬ್ರಿಜ್ ಮೇಲೆ ಒಂದೊಂದು ತಂತಿಯೂ ಕೂರುವ ಪುಟ್ಟ ಆಸರೆಗಳು. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿಯದೇ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರಕ್ಕಿಂತ) ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹೊಸ ತಂತಿ ಎಳೆದು ಪಳಗಿದ ಮೇಲೆ ಮಾಡಿದರೆ ಮಾತ್ರ ಇದು ನಿಲ್ಲುತ್ತದೆ.

ಹೊಸ ಕಡ್ಡಿ ತನ್ನ ತೂತಿನಲ್ಲಿ ಸ್ವಲ್ಪ ಲೊಡಲೊಡ ಅನ್ನುತ್ತಿತ್ತು. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಕಡ್ಡಿಯ ಎಳೆಗೆ ಎರಡು ಸುತ್ತು ಸುತ್ತಿ ತಿರುಗಿಸಿದೆ. ಈಗ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ.