ಕಬಡ್ಡಿ ಅಂಕಣದ ಬದಿಯಲ್ಲಿ ಸ್ಕೋರ್‌ಬೋರ್ಡ್ ರಿಮೋಟ್ ಹಿಡಿದು

ಮಳೆ ಬಿಟ್ಟು ಡಿಸೆಂಬರ್ ಬಂತೆಂದರೆ ನಮ್ಮ ಪುತ್ತೂರು, ಸುಳ್ಯ ಕಡೆ ಶನಿವಾರದ ರಾತ್ರಿಗಳೆಲ್ಲ ಹೊನಲು ಬೆಳಕಿನ ಕಬಡ್ಡಿಗೆ ಮೀಸಲು. ಮೊಣಗಂಟಿಗೆ ಪೆಟ್ಟಾಗಿ ಆಟ ಬಿಟ್ಟ ಮೇಲೂ ನನಗೆ ಅಂಕಣದ ಹತ್ತಿರದಿಂದ ದೂರ ಹೋಗಲು ಮನಸ್ಸಾಗಲಿಲ್ಲ. ಸ್ಕೋರರ್ ಮೇಜಿನಲ್ಲಿ ಕೂರಲು ಶುರು ಮಾಡಿದೆ. ಆಗ ನಮ್ಮಲ್ಲಿ ಇದ್ದದ್ದು ಕಪ್ಪು ಹಲಗೆ, ಸೀಮೆಸುಣ್ಣ. ಆಮೇಲೆ ತಗಡಿನ ಅಂಕಿಗಳನ್ನು ಮೊಳೆಗೆ ನೇತುಹಾಕುವ ಬೋರ್ಡ್. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಟಿ.ವಿ.ಯಲ್ಲಿ ರೈಡಿನ, ಅಂದರೆ ಒಬ್ಬ ಆಟಗಾರ ಎದುರಾಳಿಗಳ ಪಾಳಿಗೆ ನುಗ್ಗಿ ಮುಟ್ಟಿ ಬರುವ ದಾಳಿಯ, 30 ಸೆಕೆಂಡಿನ ಗಡಿಯಾರ ನೋಡಿ ರೂಢಿಯಾದ ಜನ ಊರಿನ ಪಂದ್ಯಾಟದಲ್ಲೂ ಅದನ್ನೇ ಕೇಳತೊಡಗಿದರು. ಹಾಗಾಗಿ ನಮ್ಮ ಯುವಕ ಮಂಡಲದ ಹುಡುಗರು ಹಣ ಒಟ್ಟುಮಾಡಿ ಒಂದು ಎಲ್‌ಇಡಿ ಬೋರ್ಡ್ ತಂದರು. ಅದರ ರಿಮೋಟ್ ನನ್ನ ಕೈಗೆ ಬಂತು.

ಬೋರ್ಡ್ ಅಂದರೆ ಅಂಗಡಿಗಳ ಮುಂದೆ ಅಕ್ಷರ ಓಡುತ್ತದಲ್ಲ, ಅದೇ ಪಿ10 ಪ್ಯಾನೆಲ್‌ಗಳು. ಒಂದೊಂದರಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ದೀಪದ ಚುಕ್ಕೆ. ಅಡ್ಡಕ್ಕೆ ನಾಲ್ಕು, ಎತ್ತರಕ್ಕೆ ಮೂರು ಜೋಡಿಸಿದರೆ ನಾಲ್ಕಡಿಗಿಂತ ತುಸು ಅಗಲದ ಬೋರ್ಡ್ ಆಗುತ್ತದೆ. ರಿಮೋಟ್ ಅಂಗೈಯಷ್ಟಗಲ. ಎಡ ಸಾಲಿನಲ್ಲಿ ಒಂದು ತಂಡದ ಅಂಕ ಏರಿಸುವ ಇಳಿಸುವ ಬಟನ್, ಬಲ ಸಾಲಿನಲ್ಲಿ ಇನ್ನೊಂದರದ್ದು. ನಡುವೆ ಪಂದ್ಯದ ಸಮಯ ಓಡಿಸಲು, ನಿಲ್ಲಿಸಲು ಒಂದು, ರೈಡಿನ 30 ಸೆಕೆಂಡಿಗೆ ಇನ್ನೊಂದು. ಕೆಳಗೆ ಹಾರನ್ ಮತ್ತು ರಿಸೆಟ್. ಎಲ್ಲ ಬಟನ್ನೂ ಒಂದೇ ಗಾತ್ರ, ಒಂದೇ ನುಣುಪು. ಕಣ್ಣು ಆಟದ ಮೇಲಿರುವಾಗ ಬೆರಳಿಗೆ ಯಾವುದು ಯಾವುದೆಂದು ಗೊತ್ತಾಗಬೇಕಲ್ಲ? ನಾನು ರೈಡ್ ಗಡಿಯಾರದ ಬಟನ್ ಮೇಲೆ ಅಂಟು ಒಂದು ಹನಿ ಹಾಕಿ ಒಣಗಿಸಿದೆ. ಕತ್ತಲಲ್ಲೂ ಹೆಬ್ಬೆರಳು ಆ ಉಬ್ಬನ್ನು ಹುಡುಕಿಕೊಳ್ಳುತ್ತದೆ.

ಮೊದಲ ಪಂದ್ಯಾಟದ ದಿನ ಮಧ್ಯಾಹ್ನ ಶಾಲಾ ಮೈದಾನದಲ್ಲಿ ಪರೀಕ್ಷೆ ಮಾಡಿದೆವು. ಮೈದಾನದ ಆ ತುದಿಯಿಂದ ಒತ್ತಿದರೂ ಬೋರ್ಡ್ ಓಗೊಟ್ಟಿತು. ರಾತ್ರಿ ಜನ ಸೇರಿದ ಮೇಲೆ ಇಪ್ಪತ್ತು ಹೆಜ್ಜೆ ದೂರದಿಂದ ಒತ್ತಿದರೂ ಒಮ್ಮೆ ಹತ್ತಿತು, ಒಮ್ಮೆ ಇಲ್ಲ. ಸೆಲ್ ಹೋಯಿತೆಂದು ಬದಲಿಸಿದೆ, ಆಂಟೆನಾ ತಿರುಗಿಸಿದೆ, ಏನೂ ಆಗಲಿಲ್ಲ. ಮೂರನೇ ಪಂದ್ಯದ ಹೊತ್ತಿಗೆ, ನನ್ನ ಮುಂದೆ ನಿಂತಿದ್ದವರು ಚಹಾಕ್ಕೆ ಹೋದಾಗ, ರಿಮೋಟ್ ತಾನೇ ಸರಿಯಾಯಿತು. ಆಗ ಹೊಳೆಯಿತು. ನಮ್ಮ ರಿಮೋಟ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಅದರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಚಿಕ್ಕ ಅಲೆ ಅಡ್ಡ ಬಂದ ವಸ್ತುವನ್ನು ಬಳಸಿಕೊಂಡು ಹೋಗುವುದು ಕಷ್ಟ. ಮೇಲಾಗಿ ನೀರು ಅದನ್ನು ಹೀರಿಕೊಳ್ಳುತ್ತದೆ, ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಬೋರ್ಡಿಗೂ ನನಗೂ ನಡುವೆ ನಿಂತ ಐದಾರು ಸಾಲು ಜನ ರಿಮೋಟಿನ ಪಾಲಿಗೆ ಗೋಡೆ.

ಅಂದಿನಿಂದ ಬೋರ್ಡನ್ನು ನೆಲದಿಂದ ಎಂಟಡಿ ಮೇಲೆ ಕಟ್ಟಿಸುತ್ತೇನೆ. ಅದರ ಆಂಟೆನಾ ಕಬ್ಬಿಣದ ಚೌಕಟ್ಟಿನ ಹಿಂದೆ ಅಡಗದೆ ಮೇಲಕ್ಕೆ ನೆಟ್ಟಗೆ ನಿಂತಿರಬೇಕು. ನನ್ನ ಕುರ್ಚಿ ಬೋರ್ಡಿಗೆ ಮುಖ ಮಾಡಿ, ಅಂಕಣದ ಆಚೆ ಬದಿಗೆ. ಅಂಕಣದ ಮೇಲೆ ಜನ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ದಾರಿ ಸದಾ ಖಾಲಿ. ರಿಮೋಟನ್ನು ಮೇಜಿನ ಕೆಳಗೆ, ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ, ಎದೆಯ ಮಟ್ಟಕ್ಕೆ ಹಿಡಿಯುತ್ತೇನೆ. ವೈಫೈ, ಬ್ಲೂಟೂತ್‌ಗಳೂ ಇದೇ ತರಂಗದ ಪಟ್ಟಿಯಲ್ಲಿ ಓಡುವುದರಿಂದ ಪಂದ್ಯ ನೇರಪ್ರಸಾರ ಮಾಡುವ ಹುಡುಗರ ರೂಟರ್ ಬೋರ್ಡಿನ ಬುಡದಲ್ಲಿದ್ದರೆ ಸ್ವಲ್ಪ ದೂರ ಇಡಿಸುತ್ತೇನೆ. ಪರೀಕ್ಷೆಯನ್ನು ಖಾಲಿ ಮೈದಾನದಲ್ಲಿ ಮಾಡಿ ಸಮಾಧಾನಪಡುವುದನ್ನು ಬಿಟ್ಟೇಬಿಟ್ಟೆ. ಉದ್ಘಾಟನೆ ನಡೆಯುವಾಗ, ಜನ ತುಂಬಿರುವಾಗ ಇನ್ನೊಮ್ಮೆ ಎಲ್ಲ ಬಟನ್ ಒತ್ತಿ ನೋಡುತ್ತೇನೆ.

ರಿಮೋಟ್‌ಗಳಲ್ಲೂ ಎರಡು ಜಾತಿ ಇವೆ, ಕೊಳ್ಳುವಾಗ ಇದನ್ನು ಕೇಳಲೇಬೇಕು. ಒಂದು ಜಾತಿ ಬರೀ 'ಒಂದು ಕೂಡಿಸು' ಎಂಬ ಸಂದೇಶ ಕಳಿಸಿ ಮರೆತುಬಿಡುತ್ತದೆ. ಸಂದೇಶ ತಲುಪದಿದ್ದರೆ ಅಂಕ ಏರುವುದಿಲ್ಲ. ತಲುಪಿದ್ದು ತಡವಾಗಿ ಕಂಡು ನೀವು ಮತ್ತೆ ಒತ್ತಿದರೆ ಎರಡು ಏರುತ್ತದೆ. ಇನ್ನೊಂದು ಜಾತಿ ಒಟ್ಟು ಅಂಕವನ್ನು ತನ್ನಲ್ಲೇ ನೆನಪಿಟ್ಟು, '14, 11' ಎಂದು ಪೂರ್ತಿ ಲೆಕ್ಕವನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ನಡುವೆ ಒಂದೆರಡು ಸಂದೇಶ ಕಳೆದುಹೋದರೂ ಮುಂದಿನದು ಬಂದಾಗ ಬೋರ್ಡ್ ಸರಿಯಾಗುತ್ತದೆ. ಜನರೇಟರ್ ಒಮ್ಮೆ ಕೆಮ್ಮಿ ಬೋರ್ಡ್ ಆರಿ ಹೊತ್ತಿಕೊಂಡರೂ ಅಂಕ ಹೋಗುವುದಿಲ್ಲ. ನಮ್ಮ ಮೊದಲನೆಯದು ಒಂದನೇ ಜಾತಿ. ಎರಡು ವರ್ಷ ಅದರ ಜೊತೆ ಏಗಿ, ಆಮೇಲೆ ಎರಡನೇ ಜಾತಿಯದಕ್ಕೆ ಬದಲಿಸಿದೆವು. ಈಗಲೂ ಪ್ರತಿ ಸಲ ಒತ್ತಿದ ಮೇಲೆ ತಲೆಯೆತ್ತಿ ಬೋರ್ಡ್ ನೋಡುವ ಅಭ್ಯಾಸ ಮಾತ್ರ ಉಳಿದಿದೆ. ಅದು ಒಳ್ಳೆಯ ಅಭ್ಯಾಸ.

ಎರಡು ಮ್ಯಾಟ್ ಅಕ್ಕಪಕ್ಕ ಹಾಕಿದ ಒಂದು ಪಂದ್ಯಾಟದಲ್ಲಿ ನಮ್ಮ ಬೋರ್ಡಿನಲ್ಲಿ ರೈಡೇ ಇಲ್ಲದೆ ಅಂಕ ಏರಿತು. ಪಕ್ಕದವರದ್ದೂ ನಮ್ಮದೇ ಮಾದರಿ, ಎರಡೂ ಕಾರ್ಖಾನೆಯಿಂದ ಬಂದ ಹಾಗೆ ಒಂದೇ ಚಾನೆಲ್‌ನಲ್ಲಿದ್ದವು. ಒಂದು ಬೋರ್ಡ್ ಆರಿಸಿ, ಇನ್ನೊಂದನ್ನು ಬೇರೆ ಚಾನೆಲ್‌ಗೆ ಜೋಡಿಸಿದ ಮೇಲೆ ಸರಿಹೋಯಿತು. ಈಗ ರಿಮೋಟಿನ ಬೆನ್ನಿಗೆ ಚಾನೆಲ್ ಸಂಖ್ಯೆ ಬರೆದ ಚೀಟಿ ಅಂಟಿಸಿದ್ದೇನೆ.

ಇಷ್ಟೆಲ್ಲ ಯಂತ್ರದ ಕತೆ. ಇದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿತಾರು. ನನಗೆ ವರ್ಷಗಟ್ಟಲೆ ಹಿಡಿದದ್ದು ಒತ್ತದೆ ಇರುವುದನ್ನು ಕಲಿಯಲು.

ಆಡಿದವನಿಗೆ ಕಣ್ಣು ಮುಂದೆ ಓಡುತ್ತದೆ. ರೈಡರ್ ಬೋನಸ್ ಗೆರೆಗೆ (ದಾಟಿದರೆ ಒಂದು ಹೆಚ್ಚುವರಿ ಅಂಕ) ಕಾಲು ಚಾಚಿದಾಗಲೇ ಹೆಬ್ಬೆರಳು ತುರಿಸುತ್ತದೆ. ಒಮ್ಮೆ ನಮ್ಮದೇ ಮಂಡಲದ ತಂಡ ಒಂದು ಅಂಕ ಹಿಂದಿತ್ತು. ನಮ್ಮ ಹುಡುಗ ಎಡ ಮೂಲೆಯಲ್ಲಿ ಬೋನಸ್ ಗೆರೆ ದಾಟಿಸಿ ಪಾದ ಇಟ್ಟ, ಜನ ಎದ್ದು ನಿಂತರು, ನಾನು ಒತ್ತಿಬಿಟ್ಟೆ. ಬೋರ್ಡ್ ಸಮ ತೋರಿಸಿತು. ಅಂಪೈರ್ ಕೈ ಮಾತ್ರ ಏಳಲಿಲ್ಲ. ಮುಂದಿನ ಕಾಲು ಗೆರೆ ದಾಟುವಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು, ಅವನ ಹಿಮ್ಮಡಿ ಮ್ಯಾಟಿಗೆ ಅಂಟಿತ್ತು. ನಾನು ಅಂಕ ಇಳಿಸಿದೆ. ಮೈದಾನದಲ್ಲಿ ಎದ್ದ ಕೂಗು ಅಂಪೈರ್ ಮೇಲೆ ಹೋಯಿತು. ತಪ್ಪು ನನ್ನದು, ಬೈಗುಳ ಅವರಿಗೆ. ಆಟ ಐದಾರು ನಿಮಿಷ ನಿಂತಿತು.

ಸ್ಕೋರ್ ಶೀಟ್ ಬರೆಯುತ್ತಿದ್ದ ಪಿ.ಟಿ. ಮಾಸ್ಟ್ರು ಅಂದು ಊಟದ ಹೊತ್ತಿಗೆ ಹೇಳಿದರು: "ಆಟ ನೋಡ್ಬೇಡ ಮಾರಾಯ. ಅಂಪೈರ್ ಕೈ ನೋಡು. ನಾನು ಬರ್ದ ಮೇಲೆ ನೀನು ಒತ್ತು."

"ಅಷ್ಟು ತಡ ಆದ್ರೆ ಜನ ಕೂಗ್ತಾರೆ ಮಾಸ್ಟ್ರೇ."

"ಕೂಗ್ಲಿ. ಏರಿದ ಅಂಕ ಇಳಿಸೋದು ಅದಕ್ಕಿಂತ ಕಷ್ಟ."

ಈಗ ನಮ್ಮ ಕ್ರಮ ಹೀಗೆ. ರೈಡ್ ಮುಗಿಯುತ್ತದೆ, ಸೀಟಿ ಆಗುತ್ತದೆ, ಅಂಪೈರ್ ಬೆರಳೆತ್ತಿ ಯಾವ ತಂಡಕ್ಕೆ ಎಷ್ಟೆಂದು ತೋರಿಸುತ್ತಾರೆ. ಮಾಸ್ಟ್ರು ಗಟ್ಟಿಯಾಗಿ ಹೇಳಿ ಬರೆಯುತ್ತಾರೆ, ನಾನು ಅದನ್ನೇ ಬಾಯಲ್ಲಿ ಹೇಳಿ ಒತ್ತುತ್ತೇನೆ. ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಆಲ್ ಔಟ್ ಆದಾಗ, ಅಂದರೆ ಒಂದು ತಂಡದ ಎಲ್ಲರೂ ಔಟಾದಾಗ. ಉಳಿದಿದ್ದ ಇಬ್ಬರನ್ನೂ ರೈಡರ್ ಮುಟ್ಟಿ ಬಂದ ಅಂದುಕೊಳ್ಳಿ. ಮುಟ್ಟಿದ್ದಕ್ಕೆ ಎರಡು, ಆಲ್ ಔಟ್‌ಗೆ ಇನ್ನೆರಡು, ಒಟ್ಟು ನಾಲ್ಕು. ನಾಲ್ಕನ್ನೂ ಒಂದೇ ಉಸಿರಲ್ಲಿ ಒತ್ತಿದರೆ ಜನರಿಗೆ ಲೆಕ್ಕ ಹತ್ತುವುದಿಲ್ಲ, ಅನುಮಾನ ಹುಟ್ಟುತ್ತದೆ. ಮೊದಲು ಎರಡು ಒತ್ತಿ, ಒಂದು ಉಸಿರು ನಿಂತು, ಆಮೇಲೆ ಎರಡು ಒತ್ತುತ್ತೇನೆ. ಆಗ ಕಾಮೆಂಟರಿಯವರಿಗೂ ಹೇಳಲು ಅನುಕೂಲ. ಸೂಪರ್ ಟ್ಯಾಕಲ್ (ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದಾಗ ರೈಡರನ್ನು ಹಿಡಿದರೆ ಹೆಚ್ಚುವರಿ ಅಂಕ), ಡು ಆರ್ ಡೈ ರೈಡ್ (ಸತತ ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್) ನಿಯಮಗಳು ಅಂದಿನ ಪಂದ್ಯಾಟದಲ್ಲಿ ಇವೆಯೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳುತ್ತೇನೆ, ಊರಿಂದೂರಿಗೆ ಬದಲಾಗುತ್ತದೆ. ಸಮಯವೂ ಅಷ್ಟೆ. ಪುರುಷರಿಗೆ ನಿಯಮದಂತೆ 20 ನಿಮಿಷದ ಎರಡು ಅವಧಿ, ಮಹಿಳೆಯರಿಗೆ 15ರ ಎರಡು. ಆದರೆ ತಂಡ ಹೆಚ್ಚಿದ್ದರೆ ಸಂಘಟಕರು ಕಡಿತ ಮಾಡುತ್ತಾರೆ.

ಹಾರನ್ ವಿಷಯ ಹೇಳಲೇಬೇಕು. ಪಂದ್ಯದ ಸಮಯ ಸೊನ್ನೆಗೆ ಬಂದಾಗ ನಮ್ಮ ಬೋರ್ಡ್ ತಾನೇ ಹಾರನ್ ಹೊಡೆಯುತ್ತಿತ್ತು. ಬಾಸ್ಕೆಟ್‌ಬಾಲಿಗೆ ಅದು ಸರಿ. ಕಬಡ್ಡಿಯಲ್ಲಿ ಸಮಯ ಮುಗಿದರೂ ನಡೆಯುತ್ತಿರುವ ಕೊನೆಯ ರೈಡ್ ಪೂರ್ತಿಯಾಗಬೇಕು ಎಂಬ ನಿಯಮವಿದೆ. ಒಂದು ಸೆಮಿಫೈನಲ್‌ನಲ್ಲಿ ರೈಡರ್ ಒಳಗಿರುವಾಗಲೇ ಹಾರನ್ ಕೂಗಿತು. ಆಟ ಮುಗಿಯಿತೆಂದು ಹುಡುಗ ಭುಜ ಇಳಿಸಿ ತಿರುಗಿದ, ಬಲ ಮೂಲೆಯವನು ಪಾದ ಹಿಡಿದ. ನಿಯಮದ ಪ್ರಕಾರ ಅವನು ಔಟ್, ಅಂಪೈರ್ ಸರಿಯಾಗಿಯೇ ಕೊಟ್ಟರು. ಆ ಹುಡುಗ ಮ್ಯಾಟಿನ ಮೇಲೆ ಕೂತು ನನ್ನ ಕಡೆ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ರಾತ್ರಿಯೇ ಸೆಟ್ಟಿಂಗ್‌ನಲ್ಲಿ ಸಮಯದ ಹಾರನ್ ಆರಿಸಿದೆ. ಈಗ ಸೊನ್ನೆ ಬಂದಾಗ ನಾನು ಎದ್ದು ನಿಂತು ರೆಫ್ರಿಗೆ ಕೈ ತೋರಿಸುತ್ತೇನೆ, ರೈಡ್ ಮುಗಿದ ಮೇಲೆ ಅವರ ಸೀಟಿಯೇ ಕೊನೆ. ಕಬಡ್ಡಿಗೆ ಬೋರ್ಡ್ ಕೊಳ್ಳುವ ಯಾವ ಸಂಘವೇ ಆಗಲಿ, ಈ ಹಾರನ್ ಆರಿಸಲು ಬರುತ್ತದೆಯೇ ಎಂದು ಮೊದಲು ಕೇಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಡುರಾತ್ರಿ ದಾಟಿದ ಮೇಲೆ ನಮ್ಮಲ್ಲಿ ಇಬ್ಬನಿ ಜೋರು. ರಿಮೋಟನ್ನು ತೆಳು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ, ಬಟನ್ ಅದರ ಮೇಲಿಂದಲೇ ಒತ್ತಬಹುದು. ಹೊಸ ಸೆಲ್ ಎರಡು ಜೋಡಿ ಕಿಸೆಯಲ್ಲಿ. ಚಾರ್ಜ್ ಮಾಡುವ ಸೆಲ್‌ಗಳು 1.2 ವೋಲ್ಟ್, ಸಾದಾ ಸೆಲ್ 1.5. ಹಾಗಾಗಿ ಚಾರ್ಜ್ ಸೆಲ್ ತುಂಬಿದ್ದರೂ ನಮ್ಮ ರಿಮೋಟ್ ಬೇಗ ಕೆಂಪು ದೀಪ ತೋರಿಸುತ್ತದೆ. ಫೈನಲ್‌ಗೆ ಸಾದಾ ಸೆಲ್ಲೇ.

ರಿಸೆಟ್ ಬಟನ್ ಮೇಲೆ ಬಿಳಿ ಟೇಪಿನ ಒಂದು ತುಂಡು ಅಂಟಿಸಿದ್ದೇನೆ. ಪಂದ್ಯ ಮುಗಿದು, ಮಾಸ್ಟ್ರ ಶೀಟಿನ ಮೊತ್ತವೂ ಬೋರ್ಡಿನ ಅಂಕವೂ ತಾಳೆಯಾಗಿ, ಇಬ್ಬರು ಕ್ಯಾಪ್ಟನ್‌ಗಳೂ ಕಣ್ಣಾರೆ ನೋಡಿ, ರೆಫ್ರಿ ಸಹಿ ಹಾಕಬೇಕು. ಆಮೇಲಷ್ಟೇ ಆ ಟೇಪ್ ಎತ್ತುತ್ತೇನೆ. ಮುಂದಿನ ತಂಡ ಅಂಕಣದಂಚಿಗೆ ಬಂದು ಮೈ ಬಿಸಿ ಮಾಡುತ್ತಿರುತ್ತದೆ, ಸಂಘಟಕರು ಬೇಗ ಬೇಗ ಅನ್ನುತ್ತಿರುತ್ತಾರೆ. ಆದರೂ ಸಹಿ ಬೀಳುವ ತನಕ ಹಳೆಯ ಅಂಕ ಬೋರ್ಡಿನಲ್ಲಿ ಉರಿಯುತ್ತಲೇ ಇರುತ್ತದೆ.