ಹದಿನೈದು ಆಕಾರದಲ್ಲಿ ಒಂದು ಮುಖ

ಮೊದಲ ವರ್ಷ ನಾನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮುಖಚಿತ್ರ ಕಲಿಸಲೆಂದು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ತೆರೆದು, ಅವರವರ ಫೋಟೊ ಹಾಕಿಕೊಟ್ಟು, "ಇದರ ಮೇಲೆ ಗೆರೆ ಎಳೀರಿ" ಅಂದುಬಿಟ್ಟೆ. ಎರಡು ಪೀರಿಯಡ್ ಆದಮೇಲೆ ನೋಡಿದರೆ ಒಬ್ಬ ಹುಡುಗ ಇನ್ನೂ ಎಡಗಣ್ಣಿನ ರೆಪ್ಪೆಗೂದಲನ್ನೇ ಒಂದೊಂದಾಗಿ ಬಿಡಿಸುತ್ತಿದ್ದ. ಮುಖವೇ ಇಲ್ಲ! ಇನ್ನೊಬ್ಬಳು ಜಾಣೆ. ಮೆನುವಿನಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' ಹುಡುಕಿ, ಫೋಟೊವನ್ನು ಕಂಪ್ಯೂಟರೇ ಗೆರೆಯಾಗಿಸುವಂತೆ ಮಾಡಿ, ಕ್ಷಣದಲ್ಲಿ ಚಿತ್ರ ಮುಗಿಸಿ ಕೈಕಟ್ಟಿ ಕೂತಿದ್ದಳು. ಅದು ಕೆಟ್ಟ ಜೆರಾಕ್ಸ್ ಥರ ಇತ್ತು. ಯಾವುದು ಇರಬೇಕು, ಯಾವುದು ಬೇಡ ಅಂತ ಅವಳು ಯೋಚನೆ ಮಾಡುವ ಸಂದರ್ಭವೇ ಬಂದಿರಲಿಲ್ಲ.

ಗೆರೆ ಎಳೆಯುವುದನ್ನು ಮಕ್ಕಳು ಹೇಗೋ ಕಲಿತುಬಿಡುತ್ತಾರೆ. ಯಾವ ಗೆರೆ ಬಿಡಬೇಕು ಅನ್ನುವಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಹಾಗಾಗಿ ಈಗ ಮೊದಲ ಪೀರಿಯಡ್‌ನಲ್ಲಿ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಬೋರ್ಡಿನ ಮೇಲೆ ಒಂದು ದುಂಡು ಕನ್ನಡಕ ಬರೆಯುತ್ತೇನೆ, ಅಷ್ಟೇ. "ಗಾಂಧಿ ತಾತ!" ಅಂತ ಇಡೀ ಕ್ಲಾಸು ಕೂಗುತ್ತದೆ. ಸ್ವಚ್ಛ ಭಾರತದ ಗುರುತನ್ನು ಗೋಡೆಗೋಡೆಯ ಮೇಲೂ ನೋಡಿದವರಲ್ವಾ. ಆಮೇಲೆ ಬೋಳುತಲೆ, ಪಕ್ಕದಲ್ಲಿ ಒಂದಿಷ್ಟು ಕೂದಲು, ಪೊದೆಮೀಸೆ, ಚೌಕಳಿ ಕೋಟು. ಇದನ್ನು ಮಕ್ಕಳು ಗುರುತಿಸುವುದಿಲ್ಲ, ಸ್ಟಾಫ್‌ ರೂಮಿನವರು ಗುರುತಿಸುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ಅಂತ ನಾನೇ ಹೇಳಬೇಕು.

ಆಮೇಲೆ ಚೀಟಿ ಆಟ. "ಬಸ್‌ಸ್ಟಾಂಡಿನಲ್ಲಿ ದೂರದಿಂದ ನಿನ್ನ ಪಕ್ಕದವರನ್ನು ಹೇಗೆ ಗುರುತು ಹಿಡೀತೀಯ? ಮೂರು ಗುರುತು ಬರಿ." ಮೊದಲ ಸಲ ಒಂದು ಚೀಟಿಯಲ್ಲಿ 'ಡುಮ್ಮಿ' ಅಂತ ಬಂತು. ಅದನ್ನು ಹರಿದು ಜೇಬಿಗೆ ಹಾಕಿಕೊಂಡೆ. ಆದರೆ ಆ ಹುಡುಗಿ ಅಷ್ಟರಲ್ಲೇ ಓದಿಬಿಟ್ಟಿದ್ದಳು. ಅವತ್ತಿನಿಂದ ನಿಯಮ ಬಿಗಿ: ಕೂದಲು, ಹುಬ್ಬು, ಗದ್ದ, ಹಾಕಿಕೊಳ್ಳುವ ವಸ್ತು, ಇಷ್ಟರ ಬಗ್ಗೆ ಮಾತ್ರ ಬರೆಯಬೇಕು. ಈ ಮೂರು ಗುರುತು ಚಿತ್ರದಲ್ಲಿ ಇರಲೇಬೇಕು. ಮಿಕ್ಕಿದ್ದೆಲ್ಲ ಸೇರಿ ಒಟ್ಟು ಹದಿನೈದು ಆಕಾರ ದಾಟುವಂತಿಲ್ಲ.

ಫೋಟೊ ನಾನೇ ತೆಗೆಯುತ್ತೇನೆ, ಕಿಟಕಿ ಪಕ್ಕ ನಿಲ್ಲಿಸಿ. ಒಂದೇ ಕಡೆಯಿಂದ ಬೆಳಕು ಬಿದ್ದರೆ ನೆರಳಿನ ಆಕಾರ ತಾನಾಗಿಯೇ ಎದ್ದು ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಮುಖ ಚಪ್ಪಟೆ. ಇನ್ನೊಂದು, ಮೊಬೈಲಿನ ಬ್ಯೂಟಿ ಮೋಡ್ ಆರಿಸಲೇಬೇಕು. ಅದು ಮುಖಕ್ಕೆ ಸುಮ್ನೆ ಪೌಡರ್ ಬಳಿದುಬಿಡುತ್ತದೆ.

ಇಂಕ್‌ಸ್ಕೇಪ್ ಉಚಿತ, ಲ್ಯಾಬಿನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಫೋಟೊ ಇರುವ ಲೇಯರನ್ನು, ಅಂದರೆ ಪದರವನ್ನು, ಲಾಕ್ ಮಾಡಿ, ಫೋಟೊ ಮಸುಕಾಗುವಂತೆ ಒಪ್ಯಾಸಿಟಿ 50ಕ್ಕೆ ಇಳಿಸಬೇಕು. ಲಾಕ್ ಮರೆತರೆ ಎಳೆದಾಗಲೆಲ್ಲ ಫೋಟೊ ಜಾರಿ, ಅರ್ಧ ಕ್ಲಾಸು "ಸಾರ್, ಸಾರ್" ಅನ್ನುತ್ತದೆ. ಮೇಲಿನ ಹೊಸ ಲೇಯರಿನಲ್ಲಿ 'ಬಿ' ಒತ್ತಿದರೆ ಪೆನ್. ಸುಮ್ನೆ ಕ್ಲಿಕ್ ಮಾಡಿದರೆ ನೇರ ಗೆರೆ, ಒತ್ತಿ ಎಳೆದರೆ ಬಾಗಿದ ಗೆರೆ. ಈ ಬಾಗಿದ ಗೆರೆಗೆ ಬೆಜಿಯೆ ಗೆರೆ ಅಂತ ಹೆಸರು ಬಂದದ್ದು ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ ಅವರಿಂದ. 1960ರ ದಶಕದಲ್ಲಿ ಅವರು ಇದನ್ನು ಬಳಸಿದ್ದು ಕಾರಿನ ಮೈಯ ತಿರುವುಗಳಿಗೆ ಅಂದರೆ ಹುಡುಗರ ಕಿವಿ ನೆಟ್ಟಗಾಗುತ್ತದೆ.

ಒಂದೊಂದು ಕ್ಲಿಕ್ಕಿಗೂ ಒಂದು ಚುಕ್ಕಿ. ಮಕ್ಕಳು ಚುಕ್ಕಿ ಇಡುವುದು ಜಾಸ್ತಿ. ದವಡೆಗೆ ಇಪ್ಪತ್ತು ಚುಕ್ಕಿ ಇಟ್ಟರೆ ಅದು ಗರಗಸ. "ರಂಗೋಲಿ ನೆನಪು ಮಾಡಿಕೊಳ್ಳಿ. ನಾಲ್ಕು ಚುಕ್ಕಿ ಸಾಕು, ಮಿಕ್ಕಿದ್ದನ್ನು ಗೆರೆಗೆ ಬಿಡಿ" ಅನ್ನುತ್ತೇನೆ. 'ಎನ್' ಒತ್ತಿ ಚುಕ್ಕಿಗಳನ್ನು ಆಮೇಲೆ ತಿದ್ದಬಹುದು. ಹಿಂದಿನ ಕೂದಲು, ಕತ್ತು, ಮುಖ, ನೆರಳು, ಮುಂದಿನ ಕೂದಲು, ಹೀಗೆ ಹಿಂದಿನಿಂದ ಮುಂದಕ್ಕೆ ಕಟ್ಟುತ್ತಾ ಬರಬೇಕು. ಮೂಗಿಗೆ ಗೆರೆ ಬೇಡ, ಕೆಳಗಿನ ನೆರಳು ಸಾಕು.

ಬಣ್ಣಕ್ಕೆ ಬಂದಾಗ ಗಲಾಟೆ ಶುರು. 'ಡಿ' ಒತ್ತಿ ಕೆನ್ನೆಯ ಮೇಲೆ ಎಳೆದರೆ ಅಷ್ಟು ಜಾಗದ ಸರಾಸರಿ ಬಣ್ಣ ಸಿಗುತ್ತದೆ. ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಕಂಪ್ಯೂಟರ್ ತಪ್ಪು ತೋರಿಸ್ತಿದೆ. ನಾನು ಇಷ್ಟು ಕಪ್ಪಿಲ್ಲ." ಅವಳು ಆರಿಸಿದ್ದು ಕ್ರೇಯಾನ್ ಡಬ್ಬಿಯಲ್ಲಿ 'ಸ್ಕಿನ್ ಕಲರ್' ಅಂತ ನಾವೆಲ್ಲ ಕರೆಯುತ್ತಿದ್ದ ಆ ತಿಳಿ ಗುಲಾಬಿ. ಸುತ್ತ ನೋಡಿದೆ. ಮುಕ್ಕಾಲು ಕ್ಲಾಸು ಅದನ್ನೇ ಬಳಿದಿತ್ತು. ತಪ್ಪು ಅವರದಲ್ಲ. ಚಿಕ್ಕಂದಿನಲ್ಲಿ ನಾನೂ ಅದನ್ನೇ ಬಳಿದವನು.

ಭಾಷಣ ಮಾಡಲು ಬಾಯಿ ತೆರೆದವನು ಸುಮ್ಮನಾದೆ. ನನ್ನ ಫೋಟೊ ಪ್ರೊಜೆಕ್ಟರಿಗೆ ಹಾಕಿ, ಹಣೆ, ಕೆನ್ನೆ, ಗದ್ದದ ಕೆಳಗೆ, ಮೂರು ಕಡೆ ಬಣ್ಣ ತೆಗೆದು ಪಕ್ಕಪಕ್ಕ ಇಟ್ಟೆ. "ಸಾರ್, ನೀವು ಹೆಂಚು!" ಅಂದ ಒಬ್ಬ. ಎಲ್ಲರೂ ನಕ್ಕರು, ನಾನೂ. ಆಮೇಲೆ ತಾವೇ ಹೆಸರಿಡಲು ಶುರು ಮಾಡಿದರು. ಬೆಲ್ಲ, ಹುಣಸೆಹಣ್ಣು, ರಾಗಿ ಮುದ್ದೆ, ಡಿಕಾಕ್ಷನ್. ಎದ್ದು ನಿಂತ ಹುಡುಗಿ ಬೆಲ್ಲದಲ್ಲೇ ಎರಡು ಥರ ಮಾಡಿ, ಹಳೇ ಬೆಲ್ಲ ತನ್ನದು ಅಂದಳು. ಒಬ್ಬ ಮಾತ್ರ ಕೊನೆಗೂ ಒಪ್ಪದೆ ಮುಖಕ್ಕೆಲ್ಲ ನೀಲಿ ಬಳಿದ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ಆ ವರ್ಷದ ಒಳ್ಳೇ ಚಿತ್ರಗಳಲ್ಲಿ ಅದೂ ಒಂದು.

ನೆರಳಿಗೆ ಕಪ್ಪನ್ನು ತೆಳುವಾಗಿ ಮೇಲೆ ಹಾಕಿದರೆ ಚರ್ಮ ಬೂದಿ ಮೆತ್ತಿದ ಹಾಗಾಗುತ್ತದೆ. ಅದರ ಬದಲು ಬಣ್ಣ ತಿದ್ದುವ ಪಟ್ಟಿಯಾದ ಎಚ್‌ಎಸ್‌ಎಲ್‌ನಲ್ಲಿ 'ಎಲ್', ಅಂದರೆ ಬಣ್ಣದ ತಿಳಿತನ, ಇಳಿಸಿ, ಬಣ್ಣವನ್ನು ಒಂಚೂರು ಕೆಂಪಿನ ಕಡೆ ಸರಿಸಿದರೆ ನೆರಳಿಗೆ ಜೀವ ಬರುತ್ತದೆ.

ಕೊನೆಗೆ ಗುರುತಿಸುವ ಆಟ. ಹೆಸರಿಲ್ಲದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತೇನೆ, ಮೊದಲು ಕಣ್ಣು, ಮೂಗು, ಬಾಯಿ ಅಡಗಿಸಿ. ಕೂದಲು, ದವಡೆಯಿಂದಲೇ ಹೆಚ್ಚಿನವರು ಸಿಕ್ಕಿಬಿದ್ದರು. ಸಿಗದವರ ಚಿತ್ರಕ್ಕೆ ಕಣ್ಣು ಹಾಕಿದರೂ ಸಿಗಲಿಲ್ಲ. ಅವರಿಗೆ ಮತ್ತೆ ಚೀಟಿ ಕೊಟ್ಟೆ.

ಪ್ರಿಂಟ್ ವಿಷಯದಲ್ಲಿ ಎಡವಿದೆ. ಪರದೆಯ ಮೇಲೆ ಹೊಳೆಯುತ್ತಿದ್ದ ಬೆಲ್ಲ, ಹುಣಸೆಹಣ್ಣೆಲ್ಲ ಕಾಗದದ ಮೇಲೆ ಒಂದೇ ಕೆಸರು. ಬಣ್ಣ ಒಪ್ಪಿಸಲು ಅಷ್ಟು ಪಾಡುಪಟ್ಟು ಅದನ್ನು ಗೋಡೆಗೆ ಅಂಟಿಸಲು ಮನಸ್ಸು ಬರಲಿಲ್ಲ. ಈ ವರ್ಷ ಎಲ್ಲರ ಬಣ್ಣದ ಚೌಕಗಳನ್ನೂ ಒಂದೇ ಹಾಳೆಯಲ್ಲಿ ಸೇರಿಸಿ ಮೊದಲು ಪ್ರಿಂಟ್ ತೆಗೆಸಿದೆ. ಹಾಳೆಯನ್ನು ಕಿಟಕಿ ಬೆಳಕಿಗೆ ಒಯ್ದು, ಅವರವರ ಮೊಣಕೈ ಪಕ್ಕ ಹಿಡಿದು, ಎಷ್ಟು ತಿಳಿ ಮಾಡಬೇಕು ಅಂತ ಅವರೇ ಲೆಕ್ಕ ಹಾಕಿಕೊಂಡರು.