ಅಂಗ್ಕೋರ್ ಬಳಿ ಅಗ್ಗದ ವಸತಿ: ಕೋಣೆ ಹಿಡಿಯುವುದರಿಂದ ಬಿಡುವವರೆಗೆ

ಅಂಗ್ಕೋರ್ ಎಂದರೆ ಕಾಂಬೋಡಿಯಾದ ಖ್ಮೇರ್ ಜನರ ದೊರೆಗಳು ಆಳಿದ ಹಳೆಯ ರಾಜಧಾನಿ, ದೇಗುಲಗಳ ಬೀಡು. ಸಿಯೆಮ್ ರೀಪ್ ಊರಿನಿಂದ ಅಲ್ಲಿನ ಅಂಗ್ಕೋರ್ ವಾಟ್ ದೇಗುಲಕ್ಕೆ ಸುಮಾರು 6 ಕಿ.ಮೀ. ದೂರ. ಆ ಊರಿನಲ್ಲಿ ಐಷಾರಾಮಿ ಹೋಟೆಲುಗಳ ಜೊತೆಗೆ, ಒಂದು ಕುಟುಂಬ ಕೆಳಗೆ ವಾಸವಿದ್ದು ಮೇಲಿನ ಏಳೆಂಟು ಕೋಣೆಗಳನ್ನು ಬಾಡಿಗೆಗೆ ಕೊಡುವ ಗೆಸ್ಟ್‌ಹೌಸುಗಳೂ ಬೇಕಾದಷ್ಟಿವೆ. ಇವುಗಳಲ್ಲಿ ಫ್ಯಾನ್ ಇರುವ ಕೋಣೆ ರಾತ್ರಿಗೆ 10 ಡಾಲರ್ ಆಸುಪಾಸಿನಲ್ಲಿ, ಎ.ಸಿ. ಇರುವುದು 15ರಿಂದ 20 ಡಾಲರ್ ಆಸುಪಾಸಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಇಂಥ ಕೋಣೆ ಹಿಡಿದವರು ಆಮೇಲೆ ಗೊಣಗುವುದುಂಟು. ದೇಗುಲಗಳನ್ನು ನೋಡುವ ಕ್ರಮಕ್ಕೆ ಹೊಂದುವ ಕೋಣೆಯನ್ನು ಆರಿಸಿಕೊಂಡವರು ಗೊಣಗುವುದಿಲ್ಲ. ಆ ಕ್ರಮ ಏನೆಂಬುದನ್ನು ಮೊದಲು ತಿಳಿಯಬೇಕು.

ಅಂಗ್ಕೋರ್‌ನ ದಿನ ಎರಡು ಪಾಳಿಯ ದಿನ. ನಸುಕಿನಲ್ಲಿ ಹೊರಟು ಹನ್ನೊಂದರ ಹೊತ್ತಿಗೆ ಕೋಣೆಗೆ ಮರಳುವುದು, ಸ್ನಾನ ಮಾಡಿ, ಉಂಡು, ಮಲಗಿ, ಮೂರರ ನಂತರ ಮತ್ತೆ ಹೊರಡುವುದು. ನಡು ಮಧ್ಯಾಹ್ನ ಅಲ್ಲಿನ ಮರಳುಗಲ್ಲು ಕಾದ ಕಾವಲಿಯಂತಿರುತ್ತದೆ, ಏಪ್ರಿಲ್‌ನಲ್ಲಂತೂ ನಿಲ್ಲಲಾಗದು. ಹಾಗಾಗಿ ಗೆಸ್ಟ್‌ಹೌಸ್ ರಾತ್ರಿ ಮಲಗುವ ಜಾಗ ಮಾತ್ರವಲ್ಲ, ದಿನದ ನಡುವೆ ಮರಳಿ ಬರುವ ಮನೆ. ಮುಂದೆ ಹೇಳುವುದೆಲ್ಲ ಈ ಲೆಕ್ಕವನ್ನೇ ಆಧರಿಸಿದೆ.

ಮೊದಲ ಹೆಜ್ಜೆ: ಕಾಲ ಮತ್ತು ದಾರಿ

ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ, ಜನರೂ ಹೆಚ್ಚು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಕೋಣೆಗಳು ಅಗ್ಗ, ದೇಗುಲಗಳ ಸುತ್ತಲಿನ ಕಂದಕಗಳು ತುಂಬಿರುತ್ತವೆ, ಕಲ್ಲಿನ ಮೇಲೆ ಹಸಿರು ಪಾಚಿ ಮೂಡಿರುತ್ತದೆ. ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರವೇ ಸುರಿಯುವುದರಿಂದ ಬೆಳಗಿನ ಪಾಳಿಗೆ ಅಷ್ಟೇನೂ ತೊಂದರೆಯಾಗದು. ಮಲೆನಾಡು, ಕರಾವಳಿಯವರಿಗೆ ನಾನು ಮಳೆಗಾಲವನ್ನೇ ಸೂಚಿಸುತ್ತೇನೆ. ಆದರೆ ಎರಡು ಹಬ್ಬಗಳನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಒಂದು, ಏಪ್ರಿಲ್ ನಡುವೆ ನಮ್ಮ ಸೌರಮಾನ ಯುಗಾದಿಯ ದಿನಗಳಲ್ಲೇ ಬರುವ ಖ್ಮೇರ್ ಹೊಸ ವರ್ಷ. ಇನ್ನೊಂದು, ಪಿತೃಗಳಿಗೆ ಅನ್ನವಿಡುವ ಪ್ಚುಮ್ ಬೆನ್. ಇದು ಅವರ ಭಾದ್ರಪದದ ಕೃಷ್ಣ ಪಕ್ಷದ 15 ದಿನಗಳ ಆಚರಣೆ, ನಮ್ಮ ಪಿತೃಪಕ್ಷವೇ ಎನ್ನಬಹುದು. ಈ ದಿನಗಳಲ್ಲಿ ಕೆಲಸದವರು ಹಳ್ಳಿಗೆ ಹೋಗಿರುವುದರಿಂದ ಸಣ್ಣ ಗೆಸ್ಟ್‌ಹೌಸುಗಳಲ್ಲಿ ತಿಂಡಿಯೂ ಒಗೆದ ಬಟ್ಟೆಯೂ ತಡವಾಗಬಹುದು.

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸುತ್ತಾರೆ. ಹಿಂದೆ ಬ್ಯಾಂಕಾಕ್‌ನಿಂದ ಪೊಯ್‌ಪೆಟ್ ಗಡಿಯ ಮೂಲಕ ಬಸ್ಸಿನಲ್ಲಿ ಬರುವುದು ಅಗ್ಗದ ಪ್ರಯಾಣಿಕರ ಹೆದ್ದಾರಿಯಾಗಿತ್ತು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಸಂಘರ್ಷ ಎದ್ದು ಗಡಿದ್ವಾರಗಳು ಮುಚ್ಚಿದ್ದರಿಂದ, ಹೊರಡುವ ವಾರದ ಸುದ್ದಿ ನೋಡದೆ ಆ ದಾರಿಯನ್ನು ನಂಬಿ ಹೊರಡಬಾರದು. ಪ್ರವಾಸಿ ವೀಸಾವನ್ನು ಸರ್ಕಾರದ ಇ-ವೀಸಾ ಜಾಲತಾಣದಲ್ಲೇ ಪಡೆಯಬಹುದು. ಅದೇ ಹೋಲಿಕೆಯ ಖಾಸಗಿ ತಾಣಗಳು ಇಮ್ಮಡಿ ಹಣ ಕೀಳುತ್ತವೆ. ವಿಮಾನದಲ್ಲಿ ಬರುವವರು ‘ಇ-ಅರೈವಲ್’ ನಮೂನೆಯನ್ನೂ ತುಂಬಿರಬೇಕು.

ಎರಡನೆಯ ಹೆಜ್ಜೆ: ಕೋಣೆಯ ಆಯ್ಕೆ

ಸಿಯೆಮ್ ರೀಪ್ ನದಿ ಊರನ್ನು ಸೀಳಿಕೊಂಡು ಹರಿಯುತ್ತದೆ. ಹಳೆ ಮಾರುಕಟ್ಟೆ ಮತ್ತು ಪಬ್ ಸ್ಟ್ರೀಟ್ ಇರುವುದು ಪಶ್ಚಿಮ ದಂಡೆಯಲ್ಲಿ; ಅಲ್ಲಿ ನಡುರಾತ್ರಿಯವರೆಗೂ ಸಂಗೀತ ನಿಲ್ಲುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕಾದವರಿಗೆ ಇದು ಶಿಕ್ಷೆ. ಪೂರ್ವ ದಂಡೆಯಲ್ಲಿ ವಾಟ್ ಬೋ ಮತ್ತು ವಾಟ್ ದಮ್ನಾಕ್ ಎಂಬ ಬೌದ್ಧ ವಿಹಾರಗಳ ಸುತ್ತಲಿನ ಬೀದಿಗಳು ಶಾಂತವಾಗಿವೆ, ಸೇತುವೆ ದಾಟಿದರೆ ಮಾರುಕಟ್ಟೆ ಹತ್ತು ಹದಿನೈದು ನಿಮಿಷದ ನಡಿಗೆ. ಮೊದಲ ಸಲ ಹೋದಾಗ ನಾನು ಮಾರುಕಟ್ಟೆ ಪಕ್ಕದಲ್ಲೇ, ಮಿಕ್ಕವಕ್ಕಿಂತ ಎರಡು ಡಾಲರ್ ಅಗ್ಗದ ಕೋಣೆ ಹಿಡಿದಿದ್ದೆ. ಆ ಎರಡು ಡಾಲರ್‌ನ ಅರ್ಥ ರಾತ್ರಿ ಒಂದು ಗಂಟೆಗೆ, ಗೋಡೆಯಾಚೆಯ ಡ್ರಮ್ ಸದ್ದಿನಲ್ಲಿ ಸ್ಪಷ್ಟವಾಯಿತು.

ಬುಕಿಂಗ್ ತಾಣದಲ್ಲಿ ಚಿತ್ರಗಳಿಗಿಂತ ಇತ್ತೀಚಿನ ಮೂರು ತಿಂಗಳ ಅನಿಸಿಕೆಗಳನ್ನು ಓದಿ, ನಾಲ್ಕು ವಿಷಯಗಳನ್ನು ಹುಡುಕಿ: ಸದ್ದು, ನೀರಿನ ಒತ್ತಡ, ಸೊಳ್ಳೆ, ನಸುಕಿಗೆ ತಿಂಡಿ ಕಟ್ಟಿಕೊಡುತ್ತಾರೆಯೇ ಎಂಬುದು. ಈಜುಕೊಳವಿದೆ ಎಂಬ ಕಾರಣಕ್ಕೆ ದುಡ್ಡು ಹೆಚ್ಚು ಕೊಡಬೇಡಿ ಎನ್ನಲು ಹೊರಟಿದ್ದೆ. ಮಾರ್ಚ್, ಏಪ್ರಿಲ್‌ನಲ್ಲಾದರೆ ಧಾರಾಳವಾಗಿ ಕೊಡಿ. ನಾಲ್ಕು ದಿನ ಇರುವವರೂ ಮೊದಲು ಒಂದೇ ರಾತ್ರಿಗೆ ಬುಕ್ ಮಾಡುವುದು ಜಾಣತನ. ಕೋಣೆ ಹಿಡಿಸಿದರೆ ಉಳಿದ ದಿನಗಳಿಗೆ ಮಾಲೀಕರೊಂದಿಗೆ ನೇರವಾಗಿ ಮಾತಾಡಬಹುದು, ತಾಣಕ್ಕೆ ಹೋಗುವ ಕಮಿಷನ್ ಉಳಿಯುವುದರಿಂದ ಅವರೂ ದರ ಇಳಿಸುವುದುಂಟು.

ಹಳೆಯ ಮಾರ್ಗದರ್ಶಿಗಳಲ್ಲಿ ‘ವಿಮಾನ ನಿಲ್ದಾಣದಿಂದ ಉಚಿತ ಟುಕ್‌ಟುಕ್’ ಎಂಬ ಮಾತು ಇನ್ನೂ ಉಳಿದಿದೆ. ಆಗ ನಿಲ್ದಾಣ ಊರಿನ ಪಕ್ಕದಲ್ಲೇ ಇತ್ತು. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಹೊಸ ನಿಲ್ದಾಣ ಊರಿನಿಂದ 40 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಆದ್ದರಿಂದ ಕರೆತರಲು ಎಷ್ಟು ಎಂಬುದನ್ನು ಮುಂಚೆಯೇ ಸಂದೇಶ ಕಳಿಸಿ ಕೇಳಿ, ನಿಲ್ದಾಣದಿಂದ ಊರಿಗೆ ಬರುವ ಬಸ್ಸಿನ ದರದೊಂದಿಗೆ ಹೋಲಿಸಿ ನೋಡಬೇಕು.

ಮೂರನೆಯ ಹೆಜ್ಜೆ: ಒಳಗೆ ಕಾಲಿಟ್ಟ ಮೇಲೆ

ಚಪ್ಪಲಿಯನ್ನು ಬಾಗಿಲಲ್ಲೇ ಬಿಡಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಗಳದಲ್ಲೋ ಜಗುಲಿಯ ಮೂಲೆಯಲ್ಲೋ ಊದಿನಕಡ್ಡಿ, ಹಣ್ಣು ಇಟ್ಟಿರುವ ಸಣ್ಣ ಗುಡಿ ಇರುತ್ತದೆ. ಅದು ಮನೆ ಕಾಯುವ ದೈವದ ಸ್ಥಾನವಾದ್ದರಿಂದ ಅದರ ಮೇಲೆ ಒದ್ದೆ ಟವೆಲ್ ಹರವಬಾರದು. ನಿಮಗಿಂತ ಹಿರಿಯರಾದ ಮಾಲೀಕರನ್ನು, ಗಂಡಸಾಗಲಿ ಹೆಂಗಸಾಗಲಿ, ‘ಬಾಂಗ್’ ಎಂದು ಕರೆಯಬಹುದು. ಅಣ್ಣ, ಅಕ್ಕ ಎರಡಕ್ಕೂ ಅದೇ ಮಾತು. ಕೈಜೋಡಿಸಿ ‘ಅರ್ಕುನ್’ ಎಂದರೆ ಧನ್ಯವಾದ ಹೇಳಿದಂತೆ.

ಹಣ ಕೊಡುವ ಮುನ್ನ ಕೋಣೆಯನ್ನು ನೋಡಲು ಕೇಳಿ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ನಲ್ಲಿ ತಿರುಗಿಸಿ, ಫ್ಯಾನ್ ಹಾಕಿ, ಕಿಟಕಿಯ ಜಾಲರಿ ಹರಿದಿದೆಯೇ ನೋಡಿ. ಅಲ್ಲಿ ಡೆಂಗಿ ಇರುವುದರಿಂದ ಜಾಲರಿಯಾಗಲಿ ಸೊಳ್ಳೆ ಪರದೆಯಾಗಲಿ ಇರಲೇಬೇಕು. ಬಚ್ಚಲಿನಲ್ಲಿ ಸ್ನಾನಕ್ಕೆಂದು ಬೇರೆ ಅಂಕಣವಿರುವುದಿಲ್ಲ, ಇಡೀ ನೆಲ ಒದ್ದೆಯಾಗುತ್ತದೆ. ಆದರೆ ಕಮೋಡಿನ ಪಕ್ಕ ನೀರಿನ ಪೈಪು ಇರುತ್ತದೆ, ನಮ್ಮವರಿಗೆ ಅದೊಂದು ನೆಮ್ಮದಿ. ನಲ್ಲಿ ನೀರು ಕುಡಿಯಲು ಬೇಡ. ಕೆಳಗೆ ಇಟ್ಟಿರುವ ದೊಡ್ಡ ಕ್ಯಾನಿನಿಂದ ಬಾಟಲಿ ತುಂಬಿಸಿಕೊಳ್ಳಬಹುದು. ರಾತ್ರಿ ಸೂರಿನಿಂದ ‘ತೊಕ್ಕೇ, ತೊಕ್ಕೇ’ ಎಂದು ಯಾರೋ ಕೂಗಿದಂತೆ ಕೇಳಿದರೆ ಬೆಚ್ಚಬೇಡಿ. ಅದು ಗೇಣುದ್ದಕ್ಕೂ ಮೀರಿ ಬೆಳೆಯುವ ಒಂದು ಬಗೆಯ ಹಲ್ಲಿ. ನಮ್ಮ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆನ್ನುತ್ತೇವೆ, ಇದರ ದನಿಗೆ ಎಂಥ ಸುಳ್ಳೂ ನಿಜವಾದೀತು.

ಡಾಲರ್ ಮತ್ತು ಅಲ್ಲಿನ ಹಣವಾದ ರಿಯೆಲ್ ಎರಡೂ ಚಲಾವಣೆಯಲ್ಲಿವೆ. ಡಾಲರಿಗೆ ಸುಮಾರು 4,000 ರಿಯೆಲ್ ಲೆಕ್ಕದಲ್ಲಿ ಚಿಲ್ಲರೆ ಬರುತ್ತದೆ. ಮೂಲೆ ಹರಿದ, ಗೀಚಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿಂದ ಒಯ್ಯುವಾಗಲೇ ಗರಿಗರಿ ನೋಟು ಕೇಳಿ ಪಡೆಯಿರಿ, ಅಲ್ಲಿ ಚಿಲ್ಲರೆಯಾಗಿ ಬರುವ ನೋಟನ್ನೂ ತಿರುವಿ ನೋಡಿ.

ನಾಲ್ಕನೆಯ ಹೆಜ್ಜೆ: ಟಿಕೆಟ್ ಮತ್ತು ಟುಕ್‌ಟುಕ್

ಟಿಕೆಟನ್ನು ದೇಗುಲದ ಬಾಗಿಲಲ್ಲಿ ಕೊಡುವುದಿಲ್ಲ. ಊರಿನಿಂದ ಸ್ವಲ್ಪ ಹೊರಗಿರುವ ಟಿಕೆಟ್ ಕಚೇರಿಯಲ್ಲಿ ನಿಮ್ಮ ಭಾವಚಿತ್ರ ತೆಗೆದು ಅಚ್ಚು ಹಾಕಿ ಕೊಡುತ್ತಾರೆ. ಅಂಗ್ಕೋರ್ ಎಂಟರ್‌ಪ್ರೈಸ್ ಸಂಸ್ಥೆಯ ಜಾಲತಾಣದಲ್ಲೂ ಕೊಳ್ಳಬಹುದು. 2017ರಲ್ಲಿ ನಿಗದಿಯಾದ ದರದಂತೆ ಒಂದು ದಿನಕ್ಕೆ 37, ಮೂರು ದಿನಕ್ಕೆ 62, ಏಳು ದಿನಕ್ಕೆ 72 ಡಾಲರ್. ಮೂರು ದಿನದ್ದನ್ನು ಹತ್ತು ದಿನಗಳ ಒಳಗೆ ಬೇಕಾದ ಯಾವುದೇ ಮೂರು ದಿನ ಬಳಸಬಹುದು, ಏಳು ದಿನದ್ದನ್ನು ಒಂದು ತಿಂಗಳ ಒಳಗೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ತೋರಿಸಿದರೆ ಟಿಕೆಟ್ ಬೇಡ. ಕೋಣೆಗೆ ಹತ್ತು ಡಾಲರ್, ಟಿಕೆಟ್‌ಗೆ ಅರವತ್ತೆರಡು: ಅಗ್ಗದ ಪ್ರವಾಸದಲ್ಲಿ ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ಹಾಗಿದ್ದರೂ ಒಂದೇ ದಿನದ ಟಿಕೆಟ್ ಕೊಂಡು ಎರಡು ಪಾಳಿಯನ್ನು ಒಂದಾಗಿಸಿ ಓಡುವುದು ದುಬಾರಿ ಉಳಿತಾಯ. ಸಂಜೆ ಐದರ ನಂತರ ಕೊಂಡ ಟಿಕೆಟ್ ಮರುದಿನದಿಂದ ಲೆಕ್ಕಕ್ಕೆ ಬರುವುದರಿಂದ, ಊರು ತಲುಪಿದ ದಿನವೇ ಸಂಜೆ ಹೋಗಿ ಕೊಂಡಿಟ್ಟುಕೊಂಡರೆ ನಸುಕಿನ ಸರತಿ ತಪ್ಪುತ್ತದೆ.

ಬೈಕಿನ ಹಿಂದೆ ಗಾಡಿ ಕಟ್ಟಿದ ಟುಕ್‌ಟುಕ್ಕನ್ನು ಅಲ್ಲಿ ರೆಮೊರ್ಕ್ ಎನ್ನುತ್ತಾರೆ. ಗೆಸ್ಟ್‌ಹೌಸಿನವರೇ ಪರಿಚಯದ ಚಾಲಕರನ್ನು ಕರೆಯುತ್ತಾರೆ. ಆ್ಯಪ್‌ನಲ್ಲಿ ಕರೆಯುವುದಕ್ಕಿಂತ ನಾಲ್ಕು ಕಾಸು ಹೆಚ್ಚಾದರೂ, ಇಡೀ ದಿನಕ್ಕೆ ಇದೇ ಮೇಲು. ಮಧ್ಯಾಹ್ನ ಕೋಣೆಗೆ ಮರಳಿ ಮತ್ತೆ ಹೊರಡುವ ಏರ್ಪಾಡು ಗುರುತಿನವರೊಂದಿಗೆ ಮಾತ್ರ ಸಲೀಸು. ‘ಸಣ್ಣ ಸುತ್ತು’ ಎಂದರೆ ಅಂಗ್ಕೋರ್ ವಾಟ್, ಅಂಗ್ಕೋರ್ ಥೋಮ್ ಎಂಬ ಕೋಟೆ ನಗರ, ತಾ ಪ್ರೋಮ್ ದೇಗುಲ ಮುಂತಾದುವನ್ನು ಬಳಸಿ ಬರುವ ಸುಮಾರು 17 ಕಿ.ಮೀ.; ‘ದೊಡ್ಡ ಸುತ್ತು’ ಸುಮಾರು 26 ಕಿ.ಮೀ. ಸೂರ್ಯೋದಯಕ್ಕೆ ಹೊರಡುವುದು, ದೂರದ ಬಂತೇ ಸ್ರೆಯ್ ದೇಗುಲದವರೆಗೆ ಹೋಗುವುದು, ನಡುವೆ ಊರಿಗೆ ಬರುವುದು, ಇವುಗಳಿಗೆ ಬೇರೆ ದುಡ್ಡೇ ಎಂಬುದನ್ನು ಹಿಂದಿನ ರಾತ್ರಿಯೇ ದೇಗುಲಗಳ ಹೆಸರು ಹಿಡಿದು ಮಾತಾಡಿ, ಸಾಧ್ಯವಾದರೆ ಚೀಟಿಯಲ್ಲಿ ಬರೆದುಕೊಳ್ಳಿ.

ಐದನೆಯ ಹೆಜ್ಜೆ: ಎರಡು ಪಾಳಿ

ಅಂಗ್ಕೋರ್ ವಾಟ್ ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ. ದೇಗುಲ ಪಶ್ಚಿಮಾಭಿಮುಖವಾದ್ದರಿಂದ ಸೂರ್ಯ ಗೋಪುರಗಳ ಬೆನ್ನ ಹಿಂದಿನಿಂದ ಏಳುತ್ತಾನೆ. ಕೊಳದ ದಂಡೆಯಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ಬೆಳಕು ಹರಿದ ಕೂಡಲೇ ಬಹುಪಾಲು ಮಂದಿ ತಿಂಡಿಗೆಂದು ಹೋಟೆಲಿಗೆ ಓಡುತ್ತಾರೆ. ಗೆಸ್ಟ್‌ಹೌಸಿನವರು ಕಟ್ಟಿಕೊಟ್ಟ ಬ್ರೆಡ್ಡು, ಬಾಳೆಹಣ್ಣು ಬೆಲೆ ಬಾಳುವುದು ಆಗಲೇ. ಅವನ್ನು ದೇಗುಲದ ಹೊರಗೆ ಎಲ್ಲಿಯಾದರೂ ಕುಳಿತು ತಿಂದು ನೇರ ಒಳಗಿನ ಶಿಲ್ಪ ಪಡಸಾಲೆಗಳಿಗೆ ಹೋಗಿ. ಪಶ್ಚಿಮದ ಪಡಸಾಲೆಯ ಬಲಕ್ಕೆ ಕುರುಕ್ಷೇತ್ರ, ಎಡಕ್ಕೆ ಲಂಕೆಯ ಯುದ್ಧ. ಪೂರ್ವದಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನ. ಯಕ್ಷಗಾನ ನೋಡಿ ಬೆಳೆದವರಿಗೆ ಬಾಣಗಳ ಮೇಲೆ ಒರಗಿದ ಭೀಷ್ಮನನ್ನು ಗುರುತಿಸಲು ಗೈಡ್ ಬೇಕಿಲ್ಲ. ಖ್ಮೇರ್ ದೊರೆ ಎರಡನೆಯ ಸೂರ್ಯವರ್ಮ ಈ ವಿಷ್ಣು ದೇಗುಲವನ್ನು ಕಟ್ಟಿಸಲು ತೊಡಗಿದ್ದು 12ನೇ ಶತಮಾನದ ಮೊದಲರ್ಧದಲ್ಲಿ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಬಳಪದ ಕಲ್ಲಿನಲ್ಲಿ ಕೆತ್ತಿದ ಕೈಯನ್ನೂ ಮರಳುಗಲ್ಲಿನಲ್ಲಿ ಬರೆದಂತೆ ತೆಳುವಾಗಿ ಕೊರೆದ ಕೈಯನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಲು ಆ ನಿರ್ಜನ ಗಂಟೆ ಬೇಕು.

ಮೇಲಿನ ಅಂಕಣವಾದ ಬಾಕಾನ್‌ಗೆ ಹತ್ತಲು ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಮೇಲುಹೊದಿಕೆ ಹೊದ್ದು ಭುಜ ಮುಚ್ಚಿಕೊಂಡರೆ ಒಪ್ಪದಿರಬಹುದು. ಬೌದ್ಧರ ಉಪೋಸಥದ, ಅಂದರೆ ವ್ರತದ, ದಿನಗಳಲ್ಲಿ ಬಾಕಾನ್ ಮುಚ್ಚಿರುತ್ತದೆ. ಅವು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲೇ ಬರುವುದರಿಂದ, ಹೊರಡುವ ಮುನ್ನ ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡು, ಅಲ್ಲಿ ಮಾಲೀಕರನ್ನು ಮತ್ತೊಮ್ಮೆ ಕೇಳಿದರಾಯಿತು.

ಮಧ್ಯಾಹ್ನದ ನಿದ್ದೆಯ ನಂತರದ ಪಾಳಿಗೆ ಅಂಗ್ಕೋರ್ ಥೋಮ್‌ನ ಬಾಯೋನ್ ದೇಗುಲದ ಮುಗುಳ್ನಗುವ ಕಲ್ಲಿನ ಮುಖಗಳು, ಇಲ್ಲವೇ ಮರದ ಬೇರುಗಳು ಗೋಡೆಯನ್ನು ತಬ್ಬಿ ಹಿಡಿದಿರುವ ತಾ ಪ್ರೋಮ್. ಎರಡೂ ದೊರೆ ಏಳನೆಯ ಜಯವರ್ಮನ ಕಾಲದವು. ತಾ ಪ್ರೋಮ್‌ನಲ್ಲಿ 2004ರಿಂದ ಜೀರ್ಣೋದ್ಧಾರ ನಡೆಸಿದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಅಂಗ್ಕೋರ್ ವಾಟ್‌ನಲ್ಲೂ ಅದು 1986ರಿಂದ 1993ರವರೆಗೆ ಕೆಲಸ ಮಾಡಿತ್ತು. ಸಂಜೆ ಮತ್ತೆ ಅಂಗ್ಕೋರ್ ವಾಟ್ ಮುಂದೆ ನಿಂತರೆ, ಬೆಳಿಗ್ಗೆ ಕಪ್ಪು ನೆರಳಾಗಿ ಕಂಡ ಅದೇ ಗೋಪುರಗಳ ಮೇಲೆ ಪಶ್ಚಿಮದ ಬಿಸಿಲು ನೇರ ಬೀಳುತ್ತಿರುತ್ತದೆ. ಚಿತ್ರ ತೆಗೆಯುವುದಾದರೆ ಆಗ.

ಆರನೆಯ ಹೆಜ್ಜೆ: ಊಟ

ಸಸ್ಯಾಹಾರಿಗಳು ಹುಷಾರಾಗಿರಬೇಕು. ತರಕಾರಿ ಪಲ್ಯದಂತೆ ಕಂಡದ್ದರಲ್ಲೂ ‘ತುಕ್ ತ್ರೇ’ ಎಂಬ ಮೀನಿನ ರಸ ಅಥವಾ ‘ಪ್ರಹೋಕ್’ ಎಂಬ ಹುದುಗಿಸಿದ ಮೀನಿನ ಮುದ್ದೆ ಬೆರೆತಿರುತ್ತದೆ. ‘ಮಾಂಸ ಬೇಡ’ ಎಂದರೆ ಅದು ಬಿಟ್ಟುಹೋಗುವುದಿಲ್ಲ. ‘ಅತ್ ತುಕ್ ತ್ರೇ, ಅತ್ ಪ್ರಹೋಕ್’ ಎಂದು ಹೆಸರಿಟ್ಟು ಹೇಳಬೇಕು. ಗೆಸ್ಟ್‌ಹೌಸಿನ ಅಡುಗೆಮನೆ ಇಲ್ಲಿ ಹೋಟೆಲಿಗಿಂತ ಮೇಲು, ಏಕೆಂದರೆ ಅಡುಗೆ ಮಾಡುವವರೊಂದಿಗೆ ನೇರ ಮಾತಾಡಬಹುದು. ಮಾರುಕಟ್ಟೆಯಿಂದ ತಂದ ತರಕಾರಿ, ತೋಫು ಕೊಟ್ಟು ಬರೀ ಉಪ್ಪು, ಮೆಣಸು, ಬೆಳ್ಳುಳ್ಳಿಯಲ್ಲಿ ಬಾಡಿಸಿಕೊಡಿ ಎಂದರೆ ಬಹಳ ಕಡೆ ಮಾಡಿಕೊಡುತ್ತಾರೆ. ಅನ್ನ ಅಲ್ಲಿಯೂ ದಿನದ ಊಟವೇ. ಒಂದು ಡಬ್ಬಿ ಚಟ್ನಿಪುಡಿ ಒಯ್ದಿದ್ದರೆ ಇನ್ನೇನೂ ಬೇಡ.

ಕೊನೆಯ ಹೆಜ್ಜೆ: ಕೋಣೆ ಬಿಡುವುದು

ಹನ್ನೊಂದು ಹನ್ನೆರಡರ ಹೊತ್ತಿಗೆ ಕೋಣೆ ಬಿಡಬೇಕಾಗುತ್ತದೆ. ವಿಮಾನ ರಾತ್ರಿ ಇದ್ದರೆ ಚೀಲವನ್ನು ಅಲ್ಲೇ ಇಟ್ಟು, ಟಿಕೆಟ್‌ನಲ್ಲಿ ದಿನ ಉಳಿದಿದ್ದರೆ ಇನ್ನೊಂದು ಸುತ್ತು ಹೋಗಿ ಬರಬಹುದು. ಮರಳಿದಾಗ ಕೆಳಗಿನ ಬಚ್ಚಲಲ್ಲಿ ಸ್ನಾನಕ್ಕೆ ಅವಕಾಶವಿದೆಯೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಉಳಿದ ದಿನಗಳ ಟಿಕೆಟನ್ನು ಬೇರೆಯವರಿಗೆ ಕೊಟ್ಟು ಪ್ರಯೋಜನವಿಲ್ಲ, ಅದರಲ್ಲಿ ನಿಮ್ಮ ಮುಖವಿದೆ. ಒಗೆಯಲು ಕೊಟ್ಟ ಬಟ್ಟೆಯನ್ನು ಕೆ.ಜಿ. ಲೆಕ್ಕದಲ್ಲಿ ತೂಗಿರುತ್ತಾರೆ, ಎಣಿಸಿರುವುದಿಲ್ಲ. ಎಣಿಸಿಕೊಳ್ಳುವ ಕೆಲಸ ನಿಮ್ಮದು. ರಿಯೆಲ್‌ಗೆ ಕಾಂಬೋಡಿಯಾದ ಹೊರಗೆ ಬೆಲೆ ಇಲ್ಲವೆಂದೇ ಹೇಳಬೇಕು. ಕಿಸೆಯಲ್ಲಿ ಉಳಿದ ಸಣ್ಣ ನೋಟುಗಳನ್ನು ಕೋಣೆ ಗುಡಿಸಿದವರ ಕೈಗೆ ನೇರವಾಗಿ ಕೊಡಿ. ಮಂಚದ ಮೇಲೆ ಇಟ್ಟು ಹೋದರೆ, ಮರೆತು ಬಿಟ್ಟದ್ದೆಂದು ತಿಳಿದು ನಿಮ್ಮ ಹಿಂದೆಯೇ ಬೀದಿಯ ತುದಿಯವರೆಗೆ ಓಡಿ ಬರುತ್ತಾರೆ.